ಕರು ಎಳೆದು ತೆಗೆದ ಹಸು ಮತ್ತೆ ಗಬ್ಬ ನಿಲ್ಲುತ್ತಾ?

ಪ್ರಶ್ನೆ: ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಕಡಸು ಮೊದಲ ಸೂಲಿಗೆ ತುಂಬಾ ಕಷ್ಟಪಟ್ಟು ಈಯಿತು. ಹಗ್ಗ ಕಟ್ಟಿ ಕರು ಎಳೆದು ತೆಗೆದೆವು. ಕಸ (ಮಾಸು) ಇನ್ನೂ ಬಿದ್ದಿಲ್ಲ. ಇಂಥ ಹಸು ಮತ್ತೆ ಗಬ್ಬ ನಿಲ್ಲಲ್ಲ, ಈಗಲೇ ಮಾರಿಬಿಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ಮಾರಬೇಡಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಡೇರಿ ಹತ್ತಿರ ಕ್ಯಾನ್ ಕೆಳಗಿಟ್ಟು ಕೇಳುತ್ತಾರೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿಯೂ ಕೇಳುತ್ತಾರೆ. ಒಂದು ಹಸು ಸುಮ್ನೆ ಸಂತೆಗೆ ಹೋಗುವುದು ತಪ್ಪುತ್ತದೆ ಅಂದರೆ ಇನ್ನೊಮ್ಮೆ ಹೇಳುವುದಕ್ಕೇನು?

ಕಷ್ಟಪಟ್ಟು ಈದ ಹಸುಗಳಲ್ಲಿ ಹೆಚ್ಚಿನವು ಮತ್ತೆ ಗಬ್ಬ ನಿಲ್ಲುತ್ತವೆ. ಆದರೆ ತಡವಾಗುತ್ತದೆ. ಈದ ಮೇಲೆ ಗರ್ಭಕೋಶ ಕುಗ್ಗಿ ಮೊದಲಿನಂತಾಗಲು ಸುಮಾರು 40 ದಿನ ಬೇಕು. ಒಳಗೆ ಗಾಯವಾಗಿ ಸೋಂಕು ಹತ್ತಿದರೆ ಇನ್ನೂ ಜಾಸ್ತಿ. ನೋವಿಗೆ ಹಸು ಮೇವು ಬಿಡುತ್ತದೆ. ಹಾಲು ಕೊಡುತ್ತಾ ಕೊಡುತ್ತಾ ಮೈ ಇಳಿಯುತ್ತದೆ, ಬೆದೆ ಮುಂದಕ್ಕೆ ಹೋಗುತ್ತದೆ. ವರ್ಷಕ್ಕೊಂದು ಕರು ಬೇಕು ಅಂತೀರಲ್ವಾ? ಗಬ್ಬದ 280 ದಿನ ಕಳೆಯಿರಿ, ಉಳಿಯುವುದು 85 ದಿನ. ಅಷ್ಟರಲ್ಲಿ ಗಬ್ಬ ನಿಲ್ಲಬೇಕು. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ಆ ದಿನಗಳ ಹಿಂಡಿ ಬೂಸಾ ಖರ್ಚು ನಿಮಗೇ ಗೊತ್ತು.

ಆಯಸ್ಸಿನ ಮಾತು. ಹಸು 15 ವರ್ಷ ದಾಟಿಯೂ ಬದುಕುವ ಪ್ರಾಣಿ. ಕಷ್ಟದ ಹೆರಿಗೆಯಾದವುಗಳಲ್ಲಿ ಕೆಲವು ಮೊದಲ ವಾರಗಳಲ್ಲೇ ಸೋಂಕಿನಿಂದಲೋ ಮೇಲೇಳಲಾಗದೆಯೋ ಸಾಯುತ್ತವೆ. ಅದನ್ನು ದಾಟಿ ಉಳಿದವುಗಳಲ್ಲಿ ಎಷ್ಟೋ ಹಸುಗಳು ಗಬ್ಬ ತಡವಾಯಿತು ಅನ್ನುವ ಕಾರಣಕ್ಕೆ ಒಂದೋ ಎರಡೋ ಸೂಲಿಗೆ ಕೊಟ್ಟಿಗೆ ಬಿಡುತ್ತವೆ. ಆ ತೀರ್ಮಾನ ಮಾಡುವವರು ನಾವು.

ಈಗ ನಿಮ್ಮ ಪತ್ರದಲ್ಲಿ ನೀವು ಹಾಗೇ ದಾಟಿಹೋದ ಮಾತಿಗೆ ಬರುತ್ತೇನೆ. ಕಸ ಇನ್ನೂ ಬಿದ್ದಿಲ್ಲ.

ಮುಂದಿನ ಫೋನ್ ಏನು ಅಂತ ನನಗೆ ಗೊತ್ತು. "ಬಂದು ಕೈ ಹಾಕಿ ತೆಗೀರಿ." ಆಗಲ್ಲ ಅಂದರೆ ಬೇಜಾರು. ಪಕ್ಕದೂರಿನಲ್ಲಿ ತೆಗೆಯುವವರಿದ್ದಾರೆ, ಅವರನ್ನೇ ಕರೆಸುತ್ತೇವೆ ಅನ್ನುತ್ತಾರೆ. ದಯವಿಟ್ಟು ಕರೆಸಬೇಡಿ. ಕಸ ಗರ್ಭಕೋಶಕ್ಕೆ ಹೇಗೆ ಅಂಟಿರುತ್ತದೆ ಅಂತ ಒಮ್ಮೆ ತಿಳಿದುಕೊಳ್ಳಿ. ಅದು ನೂರರ ಆಸುಪಾಸು ಕಡೆ, ಅಂಗಿಯ ಗುಂಡಿ ಕಾಜಾದಲ್ಲಿ ಕೂತ ಹಾಗೆ ಹಿಡಿದಿರುತ್ತದೆ. ಸಲೀಸಾಗಿ ಈದ ಹಸುವಿನಲ್ಲಿ 12 ಗಂಟೆಯೊಳಗೆ ತಾನಾಗಿ ಬಿಡುತ್ತದೆ. ಕಷ್ಟಪಟ್ಟು ಈದಾಗ ಗರ್ಭಕೋಶ ಸೋತಿರುತ್ತದೆ, ಎಷ್ಟೋ ಸಲ ಆ ಹಿಡಿತ ಸಡಿಲವಾಗುವುದಿಲ್ಲ. ಆಗ ಕೈ ಹಾಕಿ ಒಂದೊಂದೇ ಗುಂಡಿ ಕಿತ್ತರೆ ಬಟ್ಟೆಯೂ ಹರಿಯುತ್ತದೆ. ಹರಿದ ಜಾಗಕ್ಕೆ ಕೈಯ ಕೊಳೆ ಸೇರುತ್ತದೆ. "ಎಲ್ಲಾ ತೆಗೆದೆ" ಅನ್ನುವವರ ಕೈ ಗರ್ಭಕೋಶದ ತುದಿ ಮುಟ್ಟಿರುವುದಿಲ್ಲ, ಅಲ್ಲಿ ಚೂರುಗಳು ಉಳಿದೇ ಇರುತ್ತವೆ.

"ಹೋದ ಸಲ ತೆಗೆಸಿದ್ವಿ, ಹಸು ಚೆನ್ನಾಗೇ ಇತ್ತು" ಅನ್ನುತ್ತಾರೆ. ಇರುತ್ತದೆ. ನೇತಾಡುವುದು ಹೋಯಿತು, ನಾತ ಕಮ್ಮಿಯಾಯಿತು, ನೋಡಲು ಸ್ವಚ್ಛ. ಮೂರ್ನಾಲ್ಕು ತಿಂಗಳ ಮೇಲೆ ಅದೇ ಮನೆಯವರು ಬರುತ್ತಾರೆ. ಮೂರು ಸಲ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿದರೂ ನಿಲ್ಲುತ್ತಿಲ್ಲ ಅನ್ನುತ್ತಾರೆ. ಅವತ್ತಿನ ಕೈಗೂ ಇವತ್ತಿನ ಗೋಳಿಗೂ ನಂಟು ಯಾರೂ ನೋಡುವುದಿಲ್ಲ. ತಪ್ಪೆಲ್ಲ ಕರು ಎಳೆದದ್ದರ ಮೇಲೆ ಬೀಳುತ್ತದೆ. ನೀವು ಕೇಳಿದ "ಗಬ್ಬ ನಿಲ್ಲಲ್ಲ" ಅನ್ನುವ ಮಾತು ಬಹಳಷ್ಟು ಸಲ ಹುಟ್ಟುವುದೇ ಹೀಗೆ.

ನೇತಾಡುವ ಕಸಕ್ಕೆ ಕಲ್ಲು, ಹಳೇ ಚಪ್ಪಲಿ ಕಟ್ಟುವುದೂ ಬೇಡ. ಭಾರಕ್ಕೆ ಅದು ಅರ್ಧಕ್ಕೆ ಹರಿಯುತ್ತದೆ, ಕೆಲವೊಮ್ಮೆ ಗರ್ಭಕೋಶವೇ ಹೊರಗೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಹೊರಗೆ ಉದ್ದಕ್ಕೆ ಜೋತ ಭಾಗವನ್ನು ಕತ್ತರಿಸಿ, ಹಿಂಭಾಗ ತೊಳೆದು, ಉಳಿದದ್ದನ್ನು ಅದರ ಪಾಡಿಗೆ ಬಿಡಿ. ಒಳಗೇ ಕೊಳೆತು ಸಾಮಾನ್ಯವಾಗಿ 4ರಿಂದ 10 ದಿನದಲ್ಲಿ ಬೀಳುತ್ತದೆ. ನಾತ ಬರುತ್ತದೆ, ಸಹಿಸಿಕೊಳ್ಳಿ. ದಿನಕ್ಕೆರಡು ಸಲ ಜ್ವರ ನೋಡಿ. ಹಸುವಿನ ಮೈಬಿಸಿ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. 103 ದಾಟಿದರೆ, ಮೇವು ಬಿಟ್ಟರೆ, ಕಂದು ಬಣ್ಣದ ನೀರಿನಂಥ ಗಬ್ಬು ಸೋರಿಕೆ ಕಂಡರೆ ಅವತ್ತೇ ಡಾಕ್ಟರನ್ನು ಕರೆಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ನೋವಿಗೂ ಔಷಧಿ ಕೊಡಿಸಿ. ನೋವು ಇಳಿದರೆ ಹಸು ತಿನ್ನುತ್ತದೆ, ತಿಂದರೆ ಬೆದೆ ಬೇಗ ಬರುತ್ತದೆ. 40 ದಿನಕ್ಕೆ ಗರ್ಭಕೋಶ ಪರೀಕ್ಷೆ ಮಾಡಿಸಿ. ಬೆದೆಯ ಲೋಳೆ ಮೊಟ್ಟೆಯ ಬಿಳಿಯಂತೆ ತಿಳಿಯಾಗಿರಬೇಕು. ಅದರಲ್ಲಿ ಕೀವಿನ ಎಳೆ ಕಂಡರೆ ಮೊದಲು ಚಿಕಿತ್ಸೆ, ಆಮೇಲೆ ಇಂಜೆಕ್ಷನ್. 60 ದಿನಕ್ಕೆ ಮುಂಚೆ ಬೆದೆ ಬಂದರೆ ಬಿಟ್ಟುಬಿಡಿ.

ನೀವು ಕೇಳದ ಒಂದು ಮಾತಿದೆ. ಈ ಕಡಸಿಗೆ ಮೊದಲ ಇಂಜೆಕ್ಷನ್ ಮಾಡಿಸಿದಾಗ ತೂಕ ಎಷ್ಟಿತ್ತು? ಬಹಳ ಜನ ಬೆದೆ ನೋಡುತ್ತಾರೆ, ಮೈ ನೋಡುವುದಿಲ್ಲ. ಎಚ್‌ಎಫ್ ಕರು 35-40 ಕಿಲೋ ಹುಟ್ಟುತ್ತದೆ, ಬೆಳೆಯದ ಕಡಸಿನ ಸೊಂಟದಲ್ಲಿ ಅದು ಹಾಯುವುದೆಲ್ಲಿಂದ? ತೂಕದ ಯಂತ್ರ ಬೇಕಿಲ್ಲ, ದರ್ಜಿಯ ಟೇಪ್ ಸಾಕು. ಮುಂಗಾಲ ಹಿಂದೆ ಎದೆ ಸುತ್ತಳತೆ ಇಂಚಿನಲ್ಲಿ ಹಿಡಿಯಿರಿ. ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 56, ಉದ್ದ 52 ಇದ್ದರೆ ಸುಮಾರು 247 ಕಿಲೋ. ಎಚ್‌ಎಫ್ ಮಿಶ್ರತಳಿ ಕಡಸು 250ರ ಹತ್ತಿರ ಬಂದ ಮೇಲೆ ಇಂಜೆಕ್ಷನ್ ಮಾಡಿಸಿ, ಕಮ್ಮಿಯಿದ್ದರೆ ಇನ್ನೊಂದೆರಡು ಬೆದೆ ಕಾಯಿರಿ. ಕಡಸಿನ ಮೈಕಟ್ಟೇ ಚಿಕ್ಕದಾಗಿದ್ದರೆ ಮೊದಲ ಸೂಲಿಗೆ ಜರ್ಸಿ ತಳಿಯ ವೀರ್ಯ ಕೇಳಿ. ಆ ಕರು 25 ಕಿಲೋ ಆಸುಪಾಸು ಇರುತ್ತದೆ, ಹಗ್ಗ ಹುಡುಕುವ ಪರಿಸ್ಥಿತಿ ಅಪರೂಪಕ್ಕೆ ಬರುತ್ತದೆ.