ಲಿಂಕ್ ಒತ್ತುವ ಮೊದಲೇ ಗೊತ್ತಾಗಬೇಕು

ವೆಬ್‌ಸೈಟ್ ಮಾಡಿಸಲು ಬರುವವರು ಈಗೀಗ ಒಂದು ಆಸೆ ಇಟ್ಟುಕೊಂಡೇ ಬರುತ್ತಾರೆ. ಪುಟಗಳೆಲ್ಲ ಚುಕ್ಕಿ, ಲಿಂಕ್‌ಗಳೆಲ್ಲ ಗೆರೆ, ಹಾಗೆ ತೇಲಾಡುವ ನಕ್ಷೆ ನಮಗೂ ಬೇಕು ಅಂತ. ಟಿಪ್ಪಣಿ ಬರೆದಿಡುವ ಅಬ್ಸಿಡಿಯನ್ ಥರದ ಆ್ಯಪ್‌ಗಳಲ್ಲಿ ನೋಡಿರುತ್ತಾರೆ. ಪುಟ ಕಡಿಮೆ ಇದ್ದಾಗ ಚೆನ್ನಾಗೇ ಕಾಣುತ್ತದೆ. ನೂರಾರು ಆದರೆ ಸಿಕ್ಕುಬಿದ್ದ ನೂಲಿನುಂಡೆ. ಗೆರೆ ಇದೆ ಸರಿ, ಯಾಕಿದೆ? ಈ ಪುಟ ಆ ಪುಟದ ಮಾತನ್ನು ಒಪ್ಪುತ್ತಿದೆಯೋ, ಜಗಳ ಆಡುತ್ತಿದೆಯೋ, ಸುಮ್ನೆ ಹೆಸರು ಹೇಳಿದೆಯೋ, ನಕ್ಷೆ ನೋಡಿ ತಿಳಿಯುವುದಿಲ್ಲ.

ಲಿಂಕ್‌ಗಳಿಂದ ಒಂದಕ್ಕೊಂದು ಬೆಸೆದ ಬರಹಕ್ಕೆ 1965ರಲ್ಲಿ ಹೈಪರ್‌ಟೆಕ್ಸ್ಟ್ ಅನ್ನುವ ಹೆಸರು ಕೊಟ್ಟ ಟೆಡ್ ನೆಲ್ಸನ್ ಬಯಸಿದ ಗೆರೆಯೇ ಬೇರೆ. ಅವರ ಕ್ಸನಾಡು ಯೋಜನೆಯಲ್ಲಿ ಎರಡು ಪುಟ ಪಕ್ಕಪಕ್ಕ ತೆರೆದಿರುತ್ತವೆ, ಇಲ್ಲಿನ ಒಂದು ಸಾಲಿನಿಂದ ಅಲ್ಲಿನ ಇನ್ನೊಂದು ಸಾಲಿಗೇ ನೇರವಾಗಿ ಪಟ್ಟಿ ಎಳೆದಿರುತ್ತದೆ, ಯಾವ ಕಡೆಯಿಂದ ನೋಡಿದರೂ ಸಂಬಂಧ ಕಾಣುತ್ತದೆ. ನನಗೆ ಇದು ಬಹಳ ಇಷ್ಟ. ಆದರೆ ಮೊಬೈಲ್ ಪರದೆಯಲ್ಲಿ ಎರಡು ಪುಟ ಎಲ್ಲಿ ಇಡ್ತೀರಿ?

ಲಿಂಕ್ ಎತ್ತ ಹೋಗುತ್ತದೆ ಅಂತ ಮೊದಲೇ ತಿಳಿಸುವುದು ಹೇಗೆ ಅನ್ನುವುದನ್ನು ವಿಕಿಪೀಡಿಯ ಸದ್ದಿಲ್ಲದೆ ಬಗೆಹರಿಸಿಕೊಂಡಿದೆ. ನೀಲಿ ಅಂದರೆ ಪುಟ ಇದೆ, ಕೆಂಪು ಅಂದರೆ ಇನ್ನೂ ಯಾರೂ ಬರೆದಿಲ್ಲ, ಪುಟ್ಟ ಬಾಣ ಇದ್ದರೆ ಹೊರಗಿನ ಸೈಟು. ಮೌಸ್ ಇಟ್ಟರೆ ಮೊದಲ ಕೆಲವು ಸಾಲು, ಒಂದು ಚಿತ್ರ ಚಿಕ್ಕ ಚೌಕದಲ್ಲಿ ಬರುತ್ತದೆ, ಎಷ್ಟೋ ಸಲ ಒತ್ತುವ ಅಗತ್ಯವೇ ಬೀಳುವುದಿಲ್ಲ. ಇಲ್ಲಿಗೆ ಯಾವ ಪುಟಗಳು ಕೊಂಡಿ ಹಾಕಿವೆ ಅಂತ ತೋರಿಸುವ ಪಟ್ಟಿಯೂ ಇದೆ, ನೆಲ್ಸನ್ ಕೇಳಿದ್ದರಲ್ಲಿ ಅರ್ಧ ಅದರಲ್ಲೇ ಸಿಕ್ಕಿತು ಅಲ್ವಾ. ನಕ್ಷೆ ಕೇಳಿದವರಿಗೆ ನಾನು ಕೊಡುವುದು ಆ ಚಿಕ್ಕ ಚೌಕ, ಈ ಪಟ್ಟಿ, ಇವೆರಡನ್ನೇ.

ಬಣ್ಣ ಒಂದನ್ನೇ ನಂಬಬೇಡಿ. ಬಣ್ಣ ಗುರುತಿಸಲು ಕಷ್ಟಪಡುವವರಿಗೆ ಲಿಂಕ್ ಸುತ್ತಲಿನ ಅಕ್ಷರಗಳಲ್ಲೇ ಕಳೆದುಹೋಗುತ್ತದೆ. ಅಡಿಗೆರೆ ಬೇಕು. ಕನ್ನಡದಲ್ಲಿ ತಲೆನೋವು ಶುರುವಾಗುವುದೇ ಇಲ್ಲಿ. ‘ರಾಷ್ಟ್ರಕೂಟ’ ಅಂತ ಲಿಂಕ್ ಕೊಟ್ಟು ನೋಡಿ, ಗೆರೆ ಬರುವುದು ಒತ್ತಕ್ಷರ ಇರುವ ಜಾಗದಲ್ಲೇ. ಅಕ್ಷರ ಬಂದಲ್ಲಿ ಈಗಿನ ಬ್ರೌಸರ್‌ಗಳು ಗೆರೆಯನ್ನು ತಾವಾಗಿಯೇ ತುಂಡರಿಸುತ್ತವೆ, ಹಾಗಾಗಿ ಒತ್ತು ಜಾಸ್ತಿ ಇರುವ ಪದದ ಕೆಳಗೆ ಉಳಿಯುವುದು ಬರೀ ಚೂರುಗಳು. ಪುಟದ ಅಂದಚೆಂದ ಹೇಗಿರಬೇಕು ಅಂತ ಬರೆಯುವ ಸಿಎಸ್ಎಸ್‌ನಲ್ಲಿ ಗೆರೆಯನ್ನು ಕೆಳಕ್ಕೆ ಸರಿಸುವ ಆಯ್ಕೆ ಇದೆ, ಅದನ್ನು ಬಳಸಿ, ಒತ್ತಿನ ಕೆಳಗೆ ಬರುವಷ್ಟು ಇಳಿಸಿ. ಜೊತೆಗೆ ಸಾಲುಗಳ ನಡುವಿನ ಜಾಗವನ್ನೂ ಹೆಚ್ಚಿಸಿ, ಇಲ್ಲದಿದ್ದರೆ ಆ ಗೆರೆ ಮುಂದಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ.