ಒಂದೇ ಸೂಜಿ, ನಾಲ್ಕು ಬಣ್ಣದ ಟ್ಯೂಬು: ಯಾಕೆ?

ಪ್ರಶ್ನೆ: ರಕ್ತ ತೆಗೆಯುವಾಗ ಚುಚ್ಚುವುದು ಒಂದೇ ಸಲ. ಆದರೆ ನೇರಳೆ, ಹಳದಿ, ಬೂದು, ನೀಲಿ ಮುಚ್ಚಳದ ಬೇರೆ ಬೇರೆ ಟ್ಯೂಬುಗಳಿಗೆ ತುಂಬುತ್ತಾರೆ. ಒಂದೇ ಟ್ಯೂಬಿನಲ್ಲಿ ಎಲ್ಲ ಪರೀಕ್ಷೆ ಮಾಡಲಾಗದೇ?

ಉತ್ತರ: ಆಗದು. ಮೈಯಿಂದ ಹೊರಬಂದ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಕೆಲವು ಪರೀಕ್ಷೆಗೆ ಅದು ಹೆಪ್ಪುಗಟ್ಟಲೇಬೇಕು, ಕೆಲವಕ್ಕೆ ಚೂರೂ ಹೆಪ್ಪುಗಟ್ಟಬಾರದು. ಖಾಲಿ ಎನಿಸುವ ಟ್ಯೂಬಿನೊಳಗೆ ಸಾಮಾನ್ಯವಾಗಿ ಮೊದಲೇ ಏನಾದರೂ ಹಾಕಿರುತ್ತಾರೆ. ಏನೆಂದು ಹೇಳುವುದೇ ಮುಚ್ಚಳದ ಬಣ್ಣ.

ನೇರಳೆಯದರಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ಇಡಿಟಿಎ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಣಗಳು ಬಿಡಿಬಿಡಿಯಾಗಿ ಉಳಿಯುವುದರಿಂದ ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ನೋಡುವ ಸಿಬಿಸಿಗೆ ಇದೇ ಟ್ಯೂಬು. ತುಂಬಿದ ಕೂಡಲೇ 8ರಿಂದ 10 ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಮರೆತರೆ ಕಣ್ಣಿಗೆ ಕಾಣದಷ್ಟು ಸಣ್ಣ ಹೆಪ್ಪುಗಳಲ್ಲಿ ಪ್ಲೇಟ್‌ಲೆಟ್ ಸಿಕ್ಕಿಕೊಂಡು ಎಣಿಕೆ ಕಡಿಮೆ ಬರುತ್ತದೆ. ಕೆಲವರ ರಕ್ತದಲ್ಲಿ ಇಡಿಟಿಎಯಿಂದಲೇ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ. ಜ್ವರವಿಲ್ಲ, ರಕ್ತಸ್ರಾವವಿಲ್ಲ, ಆದರೂ ಎಣಿಕೆ ಪಾತಾಳಕ್ಕಿಳಿದಿದ್ದರೆ ಗಾಬರಿಗೆ ಮುನ್ನ ರಕ್ತದ ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ನೀಲಿ ಟ್ಯೂಬಿನಲ್ಲಿ ಮತ್ತೆ ಎಣಿಸಲು ಕೇಳಬಹುದು.

ನೀಲಿಯದು ಅಳತೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ನೋಡುವ ಪಿಟಿ-ಐಎನ್‌ಆರ್ ಪರೀಕ್ಷೆಗೆ ಇದು. ಒಳಗಿರುವ, ಹೆಪ್ಪು ತಡೆಯುವ 0.3 ಎಂಎಲ್ ಸೋಡಿಯಂ ಸಿಟ್ರೇಟ್‌ಗೆ ಸರಿಯಾಗಿ 2.7 ಎಂಎಲ್ ರಕ್ತ ಬೀಳಬೇಕು, ಅಂದರೆ ಒಂದಕ್ಕೆ ಒಂಬತ್ತು. ಗೆರೆಯವರೆಗೆ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ, ಇಲ್ಲದ ದೋಷ ರಿಪೋರ್ಟಿನಲ್ಲಿ ಕಾಣುತ್ತದೆ.

ಹಳದಿ ಟ್ಯೂಬಿನಲ್ಲಿ ಹೆಪ್ಪುಗಟ್ಟಲು ಬಿಡುತ್ತಾರೆ. ಸುಮಾರು 30 ನಿಮಿಷ ಇಟ್ಟು ಯಂತ್ರದಲ್ಲಿ ತಿರುಗಿಸಿದರೆ ಮೇಲೆ ತಿಳಿಯಾದ ಸೀರಮ್ ನಿಲ್ಲುತ್ತದೆ. ಕ್ರಿಯಾಟಿನಿನ್, ಲಿವರ್, ಕೊಲೆಸ್ಟ್ರಾಲ್, ಥೈರಾಯ್ಡ್ ಎಲ್ಲವೂ ಅದರಲ್ಲೇ.

ಬೂದು ಬಣ್ಣದ್ದು ಸಕ್ಕರೆಗೆ. ಟ್ಯೂಬಿನೊಳಗೂ ರಕ್ತಕಣಗಳು ಗ್ಲುಕೋಸ್ ತಿನ್ನುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಶೇ 5ರಿಂದ 7ರಷ್ಟು ಕರಗುತ್ತದೆ. ಫ್ಲೋರೈಡ್ ಅದನ್ನು ತಡೆಯುತ್ತದೆ, ಆದರೆ ಪೂರ್ತಿ ಹಿಡಿತಕ್ಕೆ ಬರಲು ಒಂದೆರಡು ಗಂಟೆ ಬೇಕು. ಹಾಗಾಗಿ ಬೂದು ಟ್ಯೂಬೂ ತಡಮಾಡದೆ ಲ್ಯಾಬ್ ಸೇರಬೇಕು.

ತುಂಬುವ ಕ್ರಮವೂ ಮುಖ್ಯ: ನೀಲಿ, ಹಳದಿ, ನೇರಳೆ, ಕೊನೆಗೆ ಬೂದು. ನೇರಳೆಯ ಇಡಿಟಿಎಯಲ್ಲಿ ಪೊಟ್ಯಾಸಿಯಂ ಇದೆ. ಅದನ್ನು ಮೊದಲು ತುಂಬಿ ಒಂದು ಹನಿ ಹಳದಿಗೆ ದಾಟಿದರೂ ಪೊಟ್ಯಾಸಿಯಂ ಏರಿ, ಕ್ಯಾಲ್ಸಿಯಂ ಇಳಿದಂತೆ ತೋರುತ್ತದೆ. ಈ ಎರಡೂ ಒಟ್ಟಿಗೆ ಕಂಡಾಗ ಲ್ಯಾಬ್‌ನವರು ರೋಗಕ್ಕಿಂತ ಮೊದಲು ಅನುಮಾನಿಸುವುದು ಟ್ಯೂಬನ್ನೇ. "ಇನ್ನೊಮ್ಮೆ ರಕ್ತ ಕೊಡಿ" ಎಂದು ಅವರು ಕರೆಯುವುದಕ್ಕೆ ಅನೇಕ ಸಲ ಇಂಥದ್ದೇ ಕಾರಣ ಇರುತ್ತದೆ.