ಕಾಫಿ ಎಲೆಯ ಡಿಎನ್‌ಎ: ಸೀಕ್ವೆನ್ಸಿಂಗ್ ಕೇಂದ್ರಕ್ಕೆ ಕೊಡುವ ಮುನ್ನ

ವಿಶ್ವವಿದ್ಯಾಲಯದ ಎಲ್ಲ ವಿಭಾಗಗಳಿಗೂ ಸೇರಿದ ಸೀಕ್ವೆನ್ಸಿಂಗ್ (ಡಿಎನ್‌ಎಯಲ್ಲಿ ಬೇಸ್ ಎಂಬ ಅಕ್ಷರಗಳ ಸಾಲನ್ನು ಓದುವ) ಕೇಂದ್ರ ನಾವು ಕೊಟ್ಟ ಟ್ಯೂಬಿನಲ್ಲಿ ಇರುವುದನ್ನಷ್ಟೇ ಓದುತ್ತದೆ. ಚಿಕ್ಕಮಗಳೂರಿನ ತೋಟದಿಂದ ಕಾಫಿ ಎಲೆ ತರುವವರಿಗೆ ತೊಡಕು ಶುರುವಾಗುವುದು ಯಂತ್ರದ ಮುಂದಲ್ಲ, ಗಿಡದ ಬುಡದಲ್ಲೇ.

ರೆಕ್ಕೆಯ (ಪಕ್ಕದ ಕೊಂಬೆಯ) ತುದಿಯ ಎಳೆ ಎಲೆ ಕೀಳಿ: ಅದರಲ್ಲಿ ಜೀವಕೋಶಗಳು ಒತ್ತೊತ್ತಾಗಿರುತ್ತವೆ, ಅರೆಯುವುದೂ ಸುಲಭ. ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಹೊಡೆದಿದ್ದರೆ ತೊಳೆದು ಒರೆಸಿ. ಎಲೆಯ ಹತ್ತು ಪಟ್ಟು ತೂಕದ, ತೇವ ಹೀರುವ ಸಿಲಿಕಾ ಜೆಲ್ ಹರಳಿನ ಜೊತೆ ಕವರಿನಲ್ಲಿ ಮುಚ್ಚಿಡಿ. ಮಲೆನಾಡಿನ ಮಳೆಗಾಲದಲ್ಲಿ ಹರಳಿನ ಬಣ್ಣ ಬೇಗ ತಿರುಗುತ್ತದೆ, ತಿರುಗಿದ ಕೂಡಲೇ ಬದಲಿಸಿ. ಮಡಿಚಿದರೆ ಎಲೆ ಚಟ್ಟನೆ ಮುರಿಯಬೇಕು.

ಒಣ ಎಲೆ 20 ಮಿಲಿಗ್ರಾಂ ಸಾಕು. ಅರೆದು ಸಿಟ್ಯಾಬ್ ದ್ರಾವಣಕ್ಕೆ ಹಾಕಿ. ಅದರಲ್ಲಿ ಸಿಟ್ಯಾಬ್ (ಕೋಶ ಒಡೆಯುವ ಸಾಬೂನಿನಂಥ ವಸ್ತು) ಶೇ. 2, ಉಪ್ಪು 1.4 ಮೋಲಾರ್, ಪಿವಿಪಿ (ಎಲೆಯ ಒಗರು ವಸ್ತುವಾದ ಪಾಲಿಫೀನಾಲನ್ನು ಹಿಡಿಯುವ ಪುಡಿ) ಶೇ. 2 ಇರಲಿ. ಮರ್‌ಕ್ಯಾಪ್ಟೋಎಥನಾಲ್ ಅನ್ನು ಬಳಸುವ ಹೊತ್ತಿಗೆ, ಫ್ಯೂಮ್ ಹುಡ್ (ಆವಿ ಹೊರಹಾಕುವ ಗೂಡು) ಒಳಗೇ ಬೆರೆಸಿ. 65 ಡಿಗ್ರಿಯಲ್ಲಿ 45 ನಿಮಿಷ ಇಟ್ಟು, ಆಗಾಗ ಟ್ಯೂಬನ್ನು ತಲೆಕೆಳಗು ಮಾಡುತ್ತಿರಿ. ಆಮೇಲೆ ಕ್ಲೋರೋಫಾರ್ಮ್–ಐಸೋಅಮೈಲ್ (24:1) ಹಾಕಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಮೇಲಿನ ಪದರ ಮಾತ್ರ ಎತ್ತಿಕೊಳ್ಳಿ. ನಡುವಿನ ಬಿಳಿ ಕೆನೆಗೆ ಪಿಪೆಟ್ ತುದಿ ತಾಗಲೇಬಾರದು. ಐಸೋಪ್ರೊಪನಾಲ್ ಹಾಕಿ ಡಿಎನ್‌ಎಯನ್ನು ತಳಕ್ಕೆ ಕೂರಿಸುವುದು, ಶೇ. 70ರ ಎಥನಾಲಿನಲ್ಲಿ ತೊಳೆಯುವುದು ಎಂದಿನಂತೆ.

ತಳದಲ್ಲಿ ಕೂತ ಡಿಎನ್‌ಎ ಗುಳಿಗೆ ಕಂದು ಬಣ್ಣದ್ದಾಗಿದ್ದರೆ ಪಾಲಿಫೀನಾಲ್ ಆಕ್ಸಿಡೀಕರಣಗೊಂಡು ಡಿಎನ್‌ಎಗೆ ಅಂಟಿಕೊಂಡಿದೆ ಎಂದರ್ಥ. ಲೋಳೆಯಂತಿದ್ದರೆ ಪಾಲಿಸ್ಯಾಕರೈಡ್ (ಉದ್ದ ಸರಪಳಿಯ ಸಕ್ಕರೆ) ಉಳಿದಿದೆ. ಬೆಳಕಿನ ಹೀರಿಕೆಯಿಂದ ಡಿಎನ್‌ಎ ಅಳೆಯುವ ನ್ಯಾನೋಡ್ರಾಪ್ ಯಂತ್ರದಲ್ಲಿ 260/280 (260 ಮತ್ತು 280 ನ್ಯಾನೋಮೀಟರ್ ಬೆಳಕಿನ ಹೀರಿಕೆಯ) ಅನುಪಾತ 1.8 ಬಂತೆಂದು ನಿಲ್ಲಬೇಡಿ, 260/230 ಕೂಡ 2ರ ಆಸುಪಾಸು ಇರಬೇಕು. ಆರ್‌ಎನ್‌ಎ ಇದ್ದರೆ ನ್ಯಾನೋಡ್ರಾಪ್ ಅದನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ಪ್ರಮಾಣವನ್ನು ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣದಿಂದ ಅಳೆಯುವ ಕ್ಯೂಬಿಟ್‌ನಲ್ಲೇ ನೋಡಿ.

ಸ್ಯಾಂಗರ್ ಓದಿಗೆ (ಒಂದು ಸಲಕ್ಕೆ ಒಂದು ತುಣುಕು ಓದುವ ವಿಧಾನ) ಕೊಡುವುದು ಶುದ್ಧಗೊಳಿಸಿದ ಪಿಸಿಆರ್ ಉತ್ಪನ್ನ, ಅಂದರೆ ಆ ಡಿಎನ್‌ಎಯಿಂದ ಬೇಕಾದ ಭಾಗವನ್ನಷ್ಟೇ ನಕಲು ಮಾಡಿ ಹೆಚ್ಚಿಸಿದ ತುಣುಕು: 500ರಿಂದ 1000 ಬೇಸ್ ಉದ್ದವಿದ್ದರೆ ಒಂದು ಕ್ರಿಯೆಗೆ 5ರಿಂದ 20 ನ್ಯಾನೋಗ್ರಾಂ. ಡಿಎನ್‌ಎ ಕರಗಿಸಿಡುವ ಟಿಇ ದ್ರಾವಣ ಬೇಡ, ನೀರಿನಲ್ಲೇ ಕರಗಿಸಿ. ಟಿಇಯಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ಮೆಗ್ನೀಸಿಯಂ ಹಿಡಿದಿಟ್ಟುಕೊಂಡರೆ ಡಿಎನ್‌ಎ ನಕಲು ಮಾಡುವ ಕಿಣ್ವ ಪಾಲಿಮರೇಸ್ ಕೆಲಸ ಮಾಡದು. ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಪುಟ್ಟ ಡಿಎನ್‌ಎ ತುಣುಕು) ಒಂದೇ ಇರಲಿ. ಪಿಸಿಆರ್‌ನ ಎರಡೂ ಉಳಿದಿದ್ದರೆ ಎರಡು ದಿಕ್ಕಿನ ಓದು ಒಂದರ ಮೇಲೊಂದು ಬೀಳುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಅರೇಬಿಕಾದಲ್ಲಿ ಓದಿನ ರೇಖಾಚಿತ್ರದ ಒಂದೇ ಜಾಗದಲ್ಲಿ ಎರಡು ಬೇಸ್ ತೋರುವ ಜೋಡಿ ಶಿಖರಗಳು ಬರಬಹುದು. ಮಾದರಿ ಕಲಬೆರಕೆಯಾಯಿತೆಂದು ಎಸೆಯಬೇಡಿ. ಅರೇಬಿಕಾ ಟೆಟ್ರಾಪ್ಲಾಯ್ಡ್ (ಕ್ರೋಮೋಸೋಮುಗಳ ನಾಲ್ಕು ಸೆಟ್ ಇರುವಂಥದ್ದು), 44 ಕ್ರೋಮೋಸೋಮು. ಕಾಫಿಯಾ ಕೆನೆಫೋರಾ (ನಮ್ಮ ರೋಬಸ್ಟಾ) ಮತ್ತು ಕಾಫಿಯಾ ಯುಜೆನಿಯಾಯ್ಡಿಸ್ ಎರಡರ ಜೀನೋಮೂ (ಪೂರ್ತಿ ಡಿಎನ್‌ಎ) ಒಂದೇ ಕೋಶದಲ್ಲಿವೆ. ಒಂದೇ ಪ್ರೈಮರ್ ಎರಡೂ ಪ್ರತಿಗಳಿಗೆ ಕೂರುತ್ತದೆ. ಒಂದು ಪ್ರತಿಯಲ್ಲಿ ಒಂದು ಬೇಸ್ ಕಡಿಮೆಯಿದ್ದರೂ ಸಾಕು, ಅಲ್ಲಿಂದ ಮುಂದೆ ಓದು ಪೂರ್ತಿ ಕಲಸಿಹೋಗುತ್ತದೆ. ಆಗ ಕ್ಲೋನ್ ಮಾಡಿ (ಪ್ರತಿಗಳನ್ನು ಬ್ಯಾಕ್ಟೀರಿಯಾದಲ್ಲಿ ಬೇರೆ ಬೇರೆಯಾಗಿ ಬೆಳೆಸಿ) ಓದಿಸಬೇಕು, ಇಲ್ಲವೇ ಒಂದು ಜೀನೋಮಿಗಷ್ಟೇ ಕೂರುವ ಪ್ರೈಮರ್ ರೂಪಿಸಬೇಕು. ತಾಯಿ ಕಡೆಯಿಂದಷ್ಟೇ ಬರುವ ಕ್ಲೋರೋಪ್ಲಾಸ್ಟ್ ಜೀನ್‌ನಲ್ಲಿ ಈ ಕಾಟವಿಲ್ಲ.

ಕೇಂದ್ರದಿಂದ ಅಕ್ಷರಗಳ ಕಡತ ಮಾತ್ರ ತರಬೇಡಿ, ಶಿಖರಗಳ ರೇಖಾಚಿತ್ರವಾದ ಕ್ರೊಮ್ಯಾಟೋಗ್ರಾಮ್ ಕೇಳಿ ಪಡೆಯಿರಿ. ಜೋಡಿ ಶಿಖರ ಕಾಣುವುದು ಅದರಲ್ಲೇ.